ಎಡಕ್ಕೆ ಮಾನ್ಯತಾ, ಬಲಕ್ಕೆ ಬಿಇಎಲ್, ನೇರ ಹೋದರೆ ರಾಮನ್

ಪಿಯುಸಿ ಫಲಿತಾಂಶ ಬಂದ ಗಳಿಗೆಯಿಂದ ಸಿಇಟಿಯ ಕೊನೆಯ ಸುತ್ತು ಮುಗಿಯುವವರೆಗೆ ಬೆಂಗಳೂರಿನಲ್ಲಿ ಸಲಹೆಗೆ ಬರವಿಲ್ಲ. ಸೋದರಮಾವ, ಟ್ಯೂಷನ್ ಮೇಷ್ಟ್ರು, ಎದುರು ಮನೆಯ ಎಂಜಿನಿಯರು, ಹಾಲಿನ ಬೂತಿನವರು, ಎಲ್ಲರ ಬಳಿಯೂ ಒಂದೊಂದು ಸಲಹೆ ಸಿದ್ಧವಿರುತ್ತದೆ. ಬಿ.ಎಸ್ಸಿ. ಭೌತಶಾಸ್ತ್ರಕ್ಕೆ ಸೇರಿದ ಮಗುವಿಗೆ ಮಾತ್ರ ಯಾರೂ ಸಲಹೆ ಕೊಡುವುದಿಲ್ಲ, ಸಂತಾಪ ಸೂಚಿಸುತ್ತಾರೆ.

ಆ ಮಗು ಯಾವ ಕಾಂಬಿನೇಷನ್ ಹಿಡಿಯಬೇಕು, ಮೂರು ವರ್ಷವೋ ನಾಲ್ಕೋ, ಎಲೆಕ್ಟ್ರಾನಿಕ್ಸೋ ಕೆಮಿಸ್ಟ್ರಿಯೋ, ಆಮೇಲೆ ಎಲ್ಲಿಗೆ? ಇದನ್ನೆಲ್ಲ ಕೇಳಲು ಅನುಭವಸ್ಥರನ್ನು ಹುಡುಕಿದಾಗ ನಮಗೆ ಹೊಳೆದ ಹೆಸರು ಒಂದೇ: 2003ರಿಂದ ಹಗಲೂ ರಾತ್ರಿ ಜನರನ್ನು ಕವಲುದಾರಿಯಲ್ಲೇ ನಿಲ್ಲಿಸಿಕೊಂಡಿರುವ ಹೆಬ್ಬಾಳ ಫ್ಲೈಓವರ್. ಸಂದರ್ಶನಕ್ಕೆ ಸಮಯ ಕೇಳುವ ಅಗತ್ಯ ಬೀಳಲಿಲ್ಲ. ಸಂಜೆ ಆರೂವರೆಗೆ ಮೇಲೆ ಹತ್ತಿದೆವು, ಬೇಕಾದಷ್ಟು ಬಿಡುವು ತಾನಾಗಿ ಸಿಕ್ಕಿತು.

ಪ್ರ: ಭೌತಶಾಸ್ತ್ರದ ವಿಷಯ ಕೇಳೋಕೆ ಸೇತುವೆ ಹತ್ತಿರ ಬಂದಿದ್ದೇವೆ. ನಗಬೇಡಿ.

ಉ: ನಗೋಕೇನಿದೆ? ನಾನೇ ಫಸ್ಟ್ ಸೆಮಿಸ್ಟರ್ ಮೆಕ್ಯಾನಿಕ್ಸ್ ಕಣ್ರೀ. ತಿರುವಿನಲ್ಲಿ ರಸ್ತೆ ಯಾಕೆ ಒಳಕ್ಕೆ ವಾಲಿರುತ್ತೆ ಅಂತ ಪಿಯುಸಿಯಿಂದಲೇ ಓದ್ತಾರೆ. ಟ್ಯಾನ್ ತೀಟಾ ಅಂದರೆ ವಿ ಸ್ಕ್ವೇರ್ ಬೈ ಆರ್‌ಜಿ. 50 ಮೀಟರ್ ತ್ರಿಜ್ಯದ ಒಂದು ಲೂಪು, ಗಂಟೆಗೆ 36 ಕಿಲೋಮೀಟರ್ ವೇಗ, ಲೆಕ್ಕ ಹಾಕಿ. ಪುಸ್ತಕದ ಪ್ರಕಾರ 11.5 ಡಿಗ್ರಿ ವಾಲಿಸಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಬಯಲು ಪ್ರದೇಶದಲ್ಲಿ ಶೇ 7ಕ್ಕಿಂತ ಜಾಸ್ತಿ ಬೇಡ ಅಂತಾರೆ, ಅಂದರೆ ಬರೀ 4 ಡಿಗ್ರಿ. ಉಳಿದದ್ದನ್ನ ಟೈರಿನ ಘರ್ಷಣೆ ನೋಡಿಕೊಳ್ಳುತ್ತೆ. ಯಾಕೆ ಹೀಗೆ? ಪುಸ್ತಕದಲ್ಲಿರೋ ಗಾಡಿ ಯಾವಾಗಲೂ ಓಡ್ತಿರುತ್ತೆ, ನನ್ನ ಮೇಲಿರೋ ಗಾಡಿ ನಿಂತಿರುತ್ತೆ. ವಿ ಸೊನ್ನೆಯಾದರೆ ತೀಟಾನೂ ಸೊನ್ನೆ.

ಇನ್ನು ಬಸ್ಸು ಹತ್ತಿ ಇಳಿದಾಗ ‘ಧಡಕ್’ ಅನ್ನೋ ಸಂದುಗಳಿವೆಯಲ್ಲ, ಅದು ಶಾಖದ ಪಾಠ. 30 ಮೀಟರಿನ ಕಾಂಕ್ರೀಟ್ ತೊಲೆ 20 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ 7 ಮಿಲಿಮೀಟರ್ ಉದ್ದವಾಗುತ್ತೆ. ಅಷ್ಟಕ್ಕೆ ಜಾಗ ಬಿಡದೆ ಕಟ್ಟಿದರೆ ಬಿರುಕು ಬಿಡೋದು ಗ್ಯಾರಂಟಿ. ಡಿಗ್ರಿ ಕಾಲೇಜಿನ ಟೈಮ್‌ಟೇಬಲ್ ಮಾಡೋರಿಗೆ ಈ ಪಾಠ ಯಾರೂ ಮಾಡಿದಂತಿಲ್ಲ.

ಪ್ರ: ವಿದ್ಯಾರ್ಥಿಗಳ ಕಷ್ಟಸುಖ ನಿಮಗೆ ಹೇಗೆ ಗೊತ್ತು?

ಉ: ಯಲಹಂಕದಿಂದ, ಬ್ಯಾಟರಾಯನಪುರದಿಂದ ಬರೋ ಬಸ್ಸುಗಳೆಲ್ಲ ನನ್ನ ತಲೆ ಮೇಲೋ ಕಾಲ ಕೆಳಗೋ ನಿಲ್ಲಲೇಬೇಕು. ಮಕ್ಕಳು ಮನೆಯಲ್ಲಿ ಬಾಯಿ ಬಿಡದ್ದನ್ನ ಇಲ್ಲಿ ಆಡಿಕೊಳ್ತಾರೆ. ಅದೂ ಅಲ್ಲದೆ ನಾನು ಅವರ ಓರಗೆಯವನು. 2003ರಲ್ಲಿ ಹುಟ್ಟಿದ ಮಕ್ಕಳು ಡಿಗ್ರಿ ಮೆಟ್ಟಿಲು ಹತ್ತಿದ್ದು 2021ರಲ್ಲಿ. ಎನ್‌ಇಪಿಯ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಮೊದಲ ಬ್ಯಾಚ್. ನನ್ನದೂ ಅದೇ ಬ್ಯಾಚ್ ಅಂದುಕೊಳ್ಳಿ.

ಪ್ರ: ಆ ಬ್ಯಾಚಿನ ಕಥೆ ಏನು?

ಉ: ದೇಶದಲ್ಲಿ ಮೊದಲು ನಾವೇ ಅಂತ ಕರ್ನಾಟಕ ಆ ವರ್ಷ ಹೊಸ ನೀತಿ ಜಾರಿ ಮಾಡಿತು. ಅಲ್ಲಿವರೆಗೆ ಸರಳ. ಮೂರು ವರ್ಷ, ಮೂರು ವಿಷಯ, ಮೂರಕ್ಕೂ ಸಮಪಾಲು. ಹೊಸದರಲ್ಲಿ ನಾಲ್ಕು ವರ್ಷ, ಎರಡು ವಿಷಯ. ಮೂರನೇ ವರ್ಷ ಬಂದಾಗ ಒಂದನ್ನ ಮೇಜರ್ ಮಾಡು, ಇನ್ನೊಂದನ್ನ ಮೈನರ್ ಮಾಡು. ಒಂದು ವರ್ಷಕ್ಕೆ ಇಳಿದರೆ ಸರ್ಟಿಫಿಕೇಟ್, ಎರಡಕ್ಕೆ ಇಳಿದರೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಬಿಡಿಎ ಕಟ್ಟಿದ ನನಗೇ ಇಷ್ಟು ಎಕ್ಸಿಟ್ ಇಲ್ಲ! ಜೊತೆಗೆ ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ, ಯೋಗ, ಕ್ರೀಡೆ. ಫಿಸಿಕ್ಸ್ ಹುಡುಗ ಕಾಮರ್ಸಿನವರ ಪೇಪರ್ ತಗೋಬಹುದು ಅಂತ ಬೇರೆ. ಕಾಗದದ ಮೇಲೆ ನೋಡಿದರೆ ಅಮೆರಿಕ.

ಆ ಬೋರ್ಡ್ ಓದಿ ಮುಗಿಸೋಷ್ಟರಲ್ಲಿ 2024ರ ಮೇ ತಿಂಗಳು ಬಂತು. ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸೋಕೆ ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಹಿಡಿದು ಸರ್ಕಾರ ಹೇಳಿತು: ಈ ವರ್ಷದಿಂದ ಮತ್ತೆ ಮೂರು ವರ್ಷ, ಮತ್ತೆ ಮೂರು ವಿಷಯ. ಮಧ್ಯೆ ಸಿಕ್ಕಿಕೊಂಡ ಮೂರು ಬ್ಯಾಚಿನವರು ತಾವು ಹತ್ತಿದ ರ‍್ಯಾಂಪಿನಲ್ಲೇ ಮುಂದೆ ಹೋಗಿ, ನಾಲ್ಕನೇ ವರ್ಷ ನಿಮ್ಮಿಷ್ಟ. ಹಾಗಾಗಿ 2024–25ರಲ್ಲಿ ಒಂದೇ ಕಾಲೇಜಿನ ಒಂದೇ ಲ್ಯಾಬಿನಲ್ಲಿ ಮೊದಲ ವರ್ಷದವರದು ಒಂದು ನೀತಿ, ಎರಡನೇ ಮೂರನೇ ವರ್ಷದವರದು ಇನ್ನೊಂದು. ಸ್ಪೆಕ್ಟ್ರೋಮೀಟರ್ ಮಾತ್ರ ಅದೇ. ಅದರ ಸ್ಕ್ರೂ ಯಾವ ನೀತಿಯಲ್ಲೂ ಟೈಟ್ ಆಗಲಿಲ್ಲ.

ಪ್ರ: ಬೇಸರವಾಯಿತೇ?

ಉ: ನನಗೆ ಅಭ್ಯಾಸ ಇದೆ. ನನ್ನ ಕಟ್ಟಿದಾಗ ದೇವನಹಳ್ಳಿ ಏರ್‌ಪೋರ್ಟ್ ಇರಲಿಲ್ಲ. ಅದು ಶುರುವಾಗಿದ್ದು 2008ರ ಮೇನಲ್ಲಿ. ಐದು ವರ್ಷಕ್ಕೇ ನನ್ನ ಸಿಲೆಬಸ್ ಔಟ್‌ಡೇಟೆಡ್. ಆಮೇಲೆ ಇಲ್ಲೊಂದು ರ‍್ಯಾಂಪ್ ಅಂಟಿಸು, ಅಲ್ಲೊಂದು ಲೂಪ್ ಸಿಕ್ಕಿಸು, ಮೆಟ್ರೊಗೆ ಜಾಗ ಬಿಡು, ಈಗ ಸುರಂಗದ ಮಾತು. ಎಲ್ಲವೂ ಗಾಡಿ ಓಡಾಡುತ್ತಿರುವಾಗಲೇ. ಕೋರ್ಸಿನ ರಿಪೇರಿಯೂ ಹಾಗೇ ನಡೀತು. ಒಂದೇ ವ್ಯತ್ಯಾಸ, ನನ್ನ ಮೇಲೆ ಕಾಮಗಾರಿ ನಡೆಯುವಾಗ ಟ್ರಾಫಿಕ್ ಪೊಲೀಸರು ಮೂರು ದಿನ ಮೊದಲು ಪೇಪರಿನಲ್ಲಿ ಹಾಕಿಸ್ತಾರೆ.

ಪ್ರ: ಮೂರು ವರ್ಷ ಸರಿಯೋ ನಾಲ್ಕೋ? ಜಾರಿಕೊಳ್ಳದೆ ಹೇಳಿ.

ಉ: ಎರಡಕ್ಕೂ ನ್ಯಾಯ ಇದೆ. ಅಮೆರಿಕದ ಪಿಎಚ್.ಡಿ.ಗೆ ಅರ್ಜಿ ಹಾಕೋನಿಗೆ ನಾಲ್ಕು ವರ್ಷದ ಡಿಗ್ರಿ ಕೈಯಲ್ಲಿದ್ದರೆ ಅನುಕೂಲ. ಇಲ್ಲೂ 2022ರ ಯುಜಿಸಿ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ 75 ಬಂದಿದ್ದರೆ ಎಂ.ಎಸ್ಸಿ. ಇಲ್ಲದೆಯೂ ಪಿಎಚ್.ಡಿ. ಬಾಗಿಲು ತಟ್ಟಬಹುದು. ಆದರೆ ಬಟ್ಟೆ ಕಾರ್ಖಾನೆಗೆ ಹೋಗಿ ಮಗಳನ್ನ ಓದಿಸೋ ತಾಯಿಗೆ ಇನ್ನೊಂದು ವರ್ಷ ಅಂದರೆ ಇನ್ನೊಂದು ವರ್ಷದ ಫೀಸು, ಬಸ್ ಪಾಸು, ಬಾರದ ಸಂಬಳ. ಮೂರು ವರ್ಷಕ್ಕೆ ಮುಗಿಸಿ ಬಿ.ಎಡ್. ಮಾಡಿದರೆ ಹೈಸ್ಕೂಲ್ ಮೇಷ್ಟ್ರ ನೇಮಕಾತಿಗೆ ಕಾಯಬಹುದು, ಅಲ್ಲಿ ಫಿಸಿಕ್ಸ್-ಕೆಮಿಸ್ಟ್ರಿ-ಮ್ಯಾಥ್ಸ್ ಓದಿದವರ ಹುದ್ದೆಯ ಹೆಸರೇ ‘ಪಿಸಿಎಂ’. ಇವರಿಬ್ಬರಿಗೂ ಒಂದೇ ದಾರಿ ಸಾಕು ಅನ್ನೋದಿದೆಯಲ್ಲ, ಅಲ್ಲೇ ತಗಾದೆ. ಬೆಂಗಳೂರು ವಿಶ್ವವಿದ್ಯಾಲಯವನ್ನು 2017ರಲ್ಲಿ ಮೂರು ಹೋಳು ಮಾಡಿದಾಗ ದಿಕ್ಕೇ ಬದಲಾಯಿಸಿದವರಿಗೆ ಇದೇನು ಮಹಾ. ನಾನು ಉತ್ತರ ಬೆಂಗಳೂರಿನವನು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಚೇರಿ ಎಲ್ಲಿದೆ ಹೇಳಿ? ಕೋಲಾರದಲ್ಲಿ.

ಪ್ರ: ಕಾಂಬಿನೇಷನ್ ವಿಷಯಕ್ಕೆ ಬರೋಣ. ಮಕ್ಕಳು ಹೇಗೆ ಆರಿಸಿಕೊಳ್ತಾರೆ?

ಉ: ಆರಿಸಿಕೊಳ್ತಾರೆ ಅನ್ನೋ ಮಾತು ನಿಮ್ಮದು. ಒಂದು ಹುಡುಗಿ ಇದ್ದಾಳೆ, ಯಲಹಂಕ ಕಡೆಯವಳು, ದಿನಾ ಇದೇ ಬಸ್ಸು. ಅವಳಿಗೆ ನಕ್ಷತ್ರಗಳ ಹುಚ್ಚು. ನಕ್ಷತ್ರಕ್ಕೂ ಕಂಪ್ಯೂಟರಿಗೂ ನಂಟಿದೆ ಅಂತ ಎಲ್ಲೋ ಓದಿದ್ದಳು, ಫಿಸಿಕ್ಸ್-ಮ್ಯಾಥ್ಸ್-ಕಂಪ್ಯೂಟರ್ ಸೈನ್ಸ್ ತಗೋಬೇಕು ಅಂತಿದ್ದಳು. ಕಾಲೇಜಿನ ಕೌಂಟರ್ ಗಾಜಿನ ಮೇಲೆ ಒಂದು ಹಾಳೆ ಅಂಟಿಸಿದ್ದರಂತೆ. ಪಿಸಿಎಂ, ಪಿಎಂಇ, ಪಿಎಂಸಿಎಸ್. ಮೂರನೆಯದರ ಎದುರು ಕೆಂಪು ಪೆನ್ನಿನಲ್ಲಿ ‘ಸೀಟ್ ಇಲ್ಲ’. ಎರಡನೆಯದರ ಪಕ್ಕ ಪೆನ್ಸಿಲಿನಲ್ಲಿ ‘15 ಜನ ಸೇರಿದರೆ ಮಾತ್ರ’. ಹಿಂದೆ ಉದ್ದಕ್ಕೆ ಸಾಲು. ಒಳಗಿನವರು ‘ಬೇಗ ಹೇಳಮ್ಮ’ ಅಂದರು. ಇವಳು ಅಪ್ಪನ ಮುಖ ನೋಡಿದಳು, ಅಪ್ಪ ಗಡಿಯಾರ ನೋಡಿದರು. ಪಿಸಿಎಂ ಆಯಿತು. ಈಗ ಮಂಗಳವಾರ ಮಧ್ಯಾಹ್ನ ಸಾಲ್ಟ್ ಅನಾಲಿಸಿಸ್ ಮಾಡಿ ಬಂದು ಬಸ್ಸಿನಲ್ಲಿ ಕೈ ಮೂಸಿಕೊಳ್ತಿರುತ್ತಾಳೆ.

ಅವಳ ಕ್ಲಾಸಿನಲ್ಲಿ ಜೂನ್‌ನಲ್ಲಿ ಬೆಂಚು ತುಂಬಿತ್ತು. ಅರ್ಧ ಜನಕ್ಕೆ ಬಿ.ಎಸ್ಸಿ. ಅನ್ನೋದು ಸ್ಟೆಪ್ನಿ. ಸಿಇಟಿ ಎರಡನೇ ಸುತ್ತಿನಲ್ಲಿ ಎಲ್ಲೋ ಒಂದು ಎಂಜಿನಿಯರಿಂಗ್ ಸೀಟು ಸಿಕ್ಕಿದ ದಿನ ಟಿ.ಸಿ. ತಗೊಂಡು ಹೋದರು. ಉಳಿದವರಿಗೆ ಮೇಷ್ಟ್ರು ಸಮಾಧಾನ ಹೇಳಿದರಂತೆ, ಯಾಕೆ ಸಮಾಧಾನ ಅಂತ ಅವಳಿಗೆ ಇನ್ನೂ ಅರ್ಥವಾಗಿಲ್ಲ. ಅವಳು ಬೇಕು ಅಂತಲೇ ಬಂದವಳು.

ಪ್ರ: ಮೂರನೇ ವರ್ಷದಲ್ಲಿ ವಿಶೇಷ ವಿಷಯಗಳ ಆಯ್ಕೆ ಇರುತ್ತದಲ್ಲ?

ಉ: ಇರುತ್ತೆ, ಪ್ರಾಸ್ಪೆಕ್ಟಸಿನಲ್ಲಿ. ಖಗೋಳ ಭೌತಶಾಸ್ತ್ರ, ನ್ಯಾನೊ, ಇನ್‌ಸ್ಟ್ರುಮೆಂಟೇಷನ್, ಏನು ಬೇಕು. ಕ್ಲಾಸಿಗೆ ಹೋದರೆ ಸಾಲಿಡ್ ಸ್ಟೇಟ್. ಯಾಕಂದರೆ ಮೇಷ್ಟ್ರು ಎಂ.ಎಸ್ಸಿ.ಯಲ್ಲಿ ಓದಿದ್ದು ಸಾಲಿಡ್ ಸ್ಟೇಟ್. ಅವರೂ ಅತಿಥಿ ಉಪನ್ಯಾಸಕರು. ಈ ನಾಡಿನಲ್ಲಿ ಅತಿಥಿಗಳು ಹತ್ತು ಹದಿನೈದು ವರ್ಷ ಉಳಿದುಕೊಳ್ತಾರೆ, ಆದರೂ ಮನೆಯವರು ಅಂತ ಯಾರೂ ಅನ್ನಲ್ಲ. ಅವರ ಮೇಲೆ ತಪ್ಪು ಹೊರಿಸಬೇಡಿ. ಆ ಮನುಷ್ಯ ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು ಕಾಲೇಜು, ಮಧ್ಯೆ ಊಟದ ಡಬ್ಬಿ ನನ್ನ ಮೇಲೆ.

ಪ್ರ: ಎಲ್ಲರಿಗೂ ಹೀಗೇ ಕೌಂಟರಿನಲ್ಲಿ ತೀರ್ಮಾನವೇ?

ಉ: ಇಲ್ಲ. ಇಲ್ಲಿಂದ ನೇರ ಮೇಖ್ರಿ ಸರ್ಕಲ್, ಅಲ್ಲಿ ಬಲಕ್ಕೆ ಹೋದರೆ ಟಾಟಾ ಇನ್‌ಸ್ಟಿಟ್ಯೂಟ್. ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, 1909ರದು. 2011ರಿಂದ ಅಲ್ಲಿ ನಾಲ್ಕು ವರ್ಷದ ಬಿ.ಎಸ್. ಇದೆ. ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ಎಲ್ಲಾನೂ ಓದ್ತಾರೆ. ಆಮೇಲೆ ಯಾವುದು ಅಂತ ಹೇಳಿದರೆ ಸಾಕು. ಅಂದರೆ ಒಂದೂವರೆ ವರ್ಷ ಗಾಡಿ ಓಡಿಸಿ ನೋಡಿ ಆಮೇಲೆ ಇಂಡಿಕೇಟರ್ ಹಾಕಬಹುದು. ಫಿಸಿಕ್ಸ್ ಅಂತ ಬಂದವನು ಬಯಾಲಜಿಯಲ್ಲಿ ಸಿಕ್ಕಿಬಿದ್ದರೂ ಯಾರೂ ಬೈಯಲ್ಲ.

ನನಗೆ ಹೊಟ್ಟೆ ಉರಿಯೋದು ಇಲ್ಲೇ. ಇಡೀ ದೇಶದಲ್ಲಿ ಸೋಸಿ ತೆಗೆದ, ಜೆಇಇ ಪಾಸಾದ ಮಕ್ಕಳಿಗೆ ಯೋಚಿಸೋಕೆ ಮೂರು ಸೆಮಿಸ್ಟರ್ ಟೈಮು. ಮನೆಯಲ್ಲಿ ಮೊದಲ ಸಲ ಡಿಗ್ರಿ ಮೆಟ್ಟಿಲು ಹತ್ತಿದ, ಎಲೆಕ್ಟ್ರಾನಿಕ್ಸ್ ಅಂದರೆ ಟಿವಿ ರಿಪೇರಿ ಅಂತ ಮಾತ್ರ ಗೊತ್ತಿರೋ ಹುಡುಗಿಗೆ ಗಾಜಿನ ಮುಂದೆ ಅರ್ಧ ನಿಮಿಷ. ಟೈಮು ಯಾರಿಗೆ ಜಾಸ್ತಿ ಬೇಕಿತ್ತು?

ಪ್ರ: ನಿಮ್ಮ ಕೈಗಳ ಬಗ್ಗೆ ಹೇಳಿ. ಯಾವ ಕೈ ಎಲ್ಲಿಗೆ?

ಉ: ಯಲಹಂಕದಿಂದ ನಗರದ ಕಡೆ ಮುಖ ಮಾಡಿ ನಿಂತುಕೊಳ್ಳಿ. ಎಡಕ್ಕೆ ನಾಗವಾರ, ಮಾನ್ಯತಾ ಟೆಕ್ ಪಾರ್ಕ್. ಫಿಸಿಕ್ಸ್ ಪದವೀಧರರ ಅತಿ ದೊಡ್ಡ ವಲಸೆ ನಡೆಯೋ ಕೈ ಇದು. ಬಿ.ಎಸ್ಸಿ.ಯವರನ್ನೇ ತೆಗೆದುಕೊಂಡು, ಕೆಲಸ ಮಾಡಿಸುತ್ತಲೇ ಎಂ.ಟೆಕ್. ಓದಿಸೋ ಕಂಪನಿಗಳೂ ಇವೆ. ಕ್ವಾಂಟಮ್ ಮೆಕ್ಯಾನಿಕ್ಸ್ ಓದಿದ ಹುಡುಗ ಅಲ್ಲಿ ಯಾವುದೋ ದೇಶದ ಬ್ಯಾಂಕಿನ ಸಾಫ್ಟ್‌ವೇರ್ ಪರೀಕ್ಷೆ ಮಾಡ್ತಾನೆ. ಮನೆಯವರು ನೆಮ್ಮದಿಯಾಗಿದ್ದಾರೆ, ನಾವೇನು ಹೇಳೋದು.

ಬಲಕ್ಕೆ ಬಿಇಎಲ್ ಸರ್ಕಲ್, ಜಾಲಹಳ್ಳಿ. 1954ರಿಂದ ರಾಡಾರು, ರೇಡಿಯೊ. ಎಲೆಕ್ಟ್ರಾನಿಕ್ಸ್ ಇರೋ ಪಿಎಂಇ ಮಕ್ಕಳು ಈ ಕಡೆ ಆಸೆಯಿಂದ ನೋಡ್ತಾರೆ. ಆದರೆ ಅನೇಕ ಕಡೆ ಇನ್ನೂ 8085 ಮೈಕ್ರೊಪ್ರೊಸೆಸರ್ ಪಾಠ ನಡೀತಿದೆ. ಅದು ಬಂದಿದ್ದು 1976ರಲ್ಲಿ. ನನಗಿಂತ ಸೀನಿಯರ್, ನನಗಿಂತ ಗಟ್ಟಿ. ತಳಪಾಯಕ್ಕೆ ಒಳ್ಳೆಯದು ಅಂತಾರೆ ಮೇಷ್ಟ್ರುಗಳು, ಒಪ್ಪೋಣ. ಅದೇ ದಾರೀಲಿ ಇನ್ನೂ ಮುಂದೆ ಹೋದರೆ ಯಶವಂತಪುರದ ಆಚೆ ಪೀಣ್ಯ. ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲೇ ಆರ್ಯಭಟ ಉಪಗ್ರಹ ಕಟ್ಟಿದ್ದು. 1975ರ ಏಪ್ರಿಲ್ 19ಕ್ಕೆ ಮೇಲೆ ಹೋಯಿತು. ಕಟ್ಟಿಸಿದವರು ಯು.ಆರ್. ರಾವ್, ಉಡುಪಿ ಹತ್ತಿರದ ಅದಮಾರಿನವರು, ಎಂಜಿನಿಯರಲ್ಲ, ಭೌತಶಾಸ್ತ್ರದ ಎಂ.ಎಸ್ಸಿ. ಮೊದಲು ಕಾಸ್ಮಿಕ್ ಕಿರಣ ಓದ್ತಾ ಇದ್ದರು. ಕಾಸ್ಮಿಕ್ ಕಿರಣ ತಗೊಂಡರೆ ಮುಂದೇನು ಅಂತ ಅವರನ್ನ ಯಾರಾದರೂ ಕೇಳಿದ್ದರೆ ‘ಪೀಣ್ಯದಲ್ಲಿ ಶೆಡ್ಡು’ ಅಂತ ಅವರಿಗೂ ಹೊಳೀತಿರಲಿಲ್ಲ.

ನೇರಕ್ಕೆ ಸಿ.ವಿ. ರಾಮನ್. ಅಂದರೆ ಅವರ 1948ರ ಸಂಸ್ಥೆ, ಪಕ್ಕದಲ್ಲಿ ಅವರೇ 1934ರಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿ, ಆಮೇಲೆ ಟಾಟಾ ಇನ್‌ಸ್ಟಿಟ್ಯೂಟು. ಇನ್ನು ಬೆನ್ನ ಹಿಂದಿನದು ಬಳ್ಳಾರಿ ರಸ್ತೆ, ಏರ್‌ಪೋರ್ಟ್. ಅದು ಹೈಡಲ್‌ಬರ್ಗಿಗೂ ಹೋಗುತ್ತೆ, ಇಲಿನಾಯ್‌ಗೂ ಹೋಗುತ್ತೆ. ಆ ಕಡೆ ಹೋಗುವ ಗಾಡಿಯಲ್ಲಿ ಎರಡು ದೊಡ್ಡ ಸೂಟ್‌ಕೇಸು, ಹಿಂದಿನ ಸೀಟಿನಲ್ಲಿ ಅಳೋ ಅಮ್ಮ, ಮುಂದಿನ ಸೀಟಿನಲ್ಲಿ ಟೈಮ್ ನೋಡೋ ಅಪ್ಪ. ದೂರದಿಂದಲೇ ಗುರುತು ಹಿಡೀತೀನಿ.

ಪ್ರ: ಒಂದು ಕೈ ಹಿಡಿದವರು ಇನ್ನೊಂದಕ್ಕೆ ಬರಬಹುದೇ?

ಉ: ಒಳ್ಳೇ ಪ್ರಶ್ನೆ. 2025ರ ಆಗಸ್ಟಿನಲ್ಲಿ ನನಗೊಂದು ಹೊಸ ಲೂಪ್ ಬಂತು. ಕೆ.ಆರ್. ಪುರ, ನಾಗವಾರದ ಕಡೆಯಿಂದ ಬಂದವರು ನಗರದ ಕಡೆ, ಮೇಖ್ರಿ ಸರ್ಕಲ್ ದಿಕ್ಕಿಗೆ ತಿರುಗೋಕೆ. ಯೋಚನೆ ಮಾಡಿ: ಮಾನ್ಯತಾ ಕಡೆ ಇದ್ದವರು ರಾಮನ್ ಕಡೆ ತಿರುಗೋಕೆ ಒಂದು ಸಲೀಸು ದಾರಿ ಮಾಡೋಕೆ 22 ವರ್ಷ ಹಿಡೀತು! ನನ್ನದಾದರೂ ಆಯಿತು. ಕೋರ್ಸಿನಲ್ಲಿ ಇರೋದು ಕಿರಿದಾದ ಸರ್ವಿಸ್ ರೋಡು ಒಂದೇ. ಎಂ.ಎಸ್ಸಿ.ಗೆ ಸೇರೋಕೆ ಬರೆಯೋ ಐಐಟಿಗಳ ಜ್ಯಾಮ್ ಪರೀಕ್ಷೆಗೆ ವಯಸ್ಸಿನ ಮಿತಿ ಇಲ್ಲ. ಮೂರು ವರ್ಷ ಕೋಡು ಬರೆದು ಸಾಕಾಗಿ, ರಾತ್ರಿ ಪಾಳಿ ಮುಗಿಸಿ ಕ್ಯಾಬಿನಲ್ಲಿ ಸ್ಟಾಟಿಸ್ಟಿಕಲ್ ಮೆಕ್ಯಾನಿಕ್ಸ್ ಲೆಕ್ಕ ಮಾಡೋರನ್ನ ನೋಡಿದ್ದೀನಿ. ಡ್ರೈವರು ‘ಸಾರ್ ಆಫೀಸ್ ಕೆಲಸ ಮನೆಗೂ ತಗೊಂಡು ಹೋಗ್ತಾರೆ’ ಅಂತ ಮರುಗ್ತಾನೆ.

ಪ್ರ: ರಾಮನ್ ಹೆಸರು ಮತ್ತೆ ಮತ್ತೆ ಬರುತ್ತಿದೆ. ಅವರದ್ದು ನೇರ ದಾರಿಯಲ್ಲವೇ?

ಉ: ಯಾರು ಹೇಳಿದ್ದು? ಅವರು 1907ರಲ್ಲಿ ಎಂ.ಎ. ಮುಗಿಸಿ ಹೋಗಿದ್ದು ಅಕೌಂಟ್ಸ್‌ಗೆ! ಭಾರತ ಸರ್ಕಾರದ ಹಣಕಾಸು ಇಲಾಖೆ, ಕಲ್ಕತ್ತದಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್. ಹತ್ತು ವರ್ಷ ಹಗಲೆಲ್ಲ ಲೆಕ್ಕಪತ್ರ, ಬೆಳಿಗ್ಗೆ ಸಂಜೆ ಪ್ರಯೋಗ. 1917ರಲ್ಲಿ ಆ ಸರ್ಕಾರಿ ನೌಕರಿ ಬಿಟ್ಟು ಕಡಿಮೆ ಸಂಬಳದ ಪ್ರೊಫೆಸರ್ ಕೆಲಸಕ್ಕೆ ಹೋದರು. ಇವತ್ತು ಆರ್.ಟಿ. ನಗರದ ಯಾವುದಾದರೂ ಮನೆಯಲ್ಲಿ ಮಗ ‘ಎ.ಜಿ. ಆಫೀಸ್ ಬಿಟ್ಟು ಫಿಸಿಕ್ಸ್ ಪಾಠ ಮಾಡ್ತೀನಿ’ ಅನ್ನಲಿ ನೋಡೋಣ, ಜ್ಯೋತಿಷಿ ಹತ್ತಿರ ಕರಕೊಂಡು ಹೋಗ್ತಾರೆ. 1928ರಲ್ಲಿ ತಮ್ಮ ಹೆಸರಿನ ಪರಿಣಾಮ ಕಂಡರು, 1930ರಲ್ಲಿ ನೊಬೆಲ್ ಬಂತು, 1933ರಲ್ಲಿ ಬೆಂಗಳೂರಿಗೆ ಬಂದರು. ಈಗ ಅದೇ ಅಪ್ಪಂದಿರು ಮಗನಿಗೆ ಅವರ ಹೆಸರಿನ ರಸ್ತೆ ತೋರಿಸಿ ‘ನೋಡು ಎಷ್ಟು ಶ್ರದ್ಧೆ’ ಅಂತಾರೆ.

ಎಚ್. ನರಸಿಂಹಯ್ಯನವರದ್ದು ಕೇಳಿ. ನನ್ನ ಉತ್ತರಕ್ಕಿರೋ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1935ರಲ್ಲಿ ಹೈಸ್ಕೂಲಿಗೆ ಸೇರೋಕೆ ಬೆಂಗಳೂರಿಗೆ ನಡಕೊಂಡೇ ಬಂದ ಹುಡುಗ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಅಮೆರಿಕದ ಓಹಾಯೊ ಸ್ಟೇಟ್‌ನಲ್ಲಿ ಪಿಎಚ್.ಡಿ. ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರು ಬಂದಾಗ ಫ್ಲೈಓವರ್ ಇರಲಿಲ್ಲ, ಅದಕ್ಕೇ ಬೇಗ ತಲುಪಿರಬೇಕು.

ಪ್ರ: ಅಪ್ಪ ಅಮ್ಮಂದಿರ ಮೇಲೆ ನಿಮಗೆ ಸಿಟ್ಟಿದೆ ಅನ್ನಿಸುತ್ತಿದೆ.

ಉ: ಸಿಟ್ಟಿಲ್ಲ. ‘ಮುಂದೇನು’ ಅಂತ ಕೇಳೋದು ತಪ್ಪಲ್ಲ, ಉತ್ತರ ಕೇಳೋ ಮೊದಲೇ ತಲೆ ಆಡಿಸೋದು ತಪ್ಪು. ಆ ಯಲಹಂಕದ ಹುಡುಗಿ ಒಂದು ದಿನ ಬಸ್ಸಿನಲ್ಲಿ ರೆಕಾರ್ಡ್ ಬರೀತಿದ್ದಳು. ಪ್ರಿಸಮ್ ಪ್ರಯೋಗ. ಸೋಡಿಯಂ ದೀಪದ ಹಳದಿ ಬೆಳಕು, ಪ್ರಿಸಮ್ ಮೇಜನ್ನ ನಿಧಾನ ತಿರುಗಿಸ್ತಾ ಹೋದರೆ ದೂರದರ್ಶಕದಲ್ಲಿ ಕಾಣೋ ಗೆರೆ ಒಂದು ಕಡೆಗೆ ಸರಿಯುತ್ತೆ, ಸರಿಯುತ್ತೆ, ಒಂದು ಕಡೆ ನಿಂತು ಹಿಂದಕ್ಕೆ ತಿರುಗುತ್ತೆ. ಆ ನಿಂತ ಜಾಗವೇ ಕನಿಷ್ಠ ವಿಚಲನೆಯ ಕೋನ. ಗಾಜಿನ ವಕ್ರೀಭವನ ಸೂಚ್ಯಂಕ 1.5, ಪ್ರಿಸಮ್ಮಿನ ಕೋನ 60 ಆದರೆ ಅದು 37 ಡಿಗ್ರಿ ಆಸುಪಾಸು ಬರಬೇಕು. ಪಕ್ಕದವಳು ಕೇಳಿದಳು, ‘ನಿನಗೆ ಎಷ್ಟು ಬಂತು?’ ಇವಳು ‘41’ ಅಂದಳು. ‘ಅಯ್ಯೋ, ಸೀನಿಯರ್ ರೆಕಾರ್ಡಿನಲ್ಲಿ 37 ಇದೆ, ಅದನ್ನೇ ಬರೆದುಬಿಡೇ’. ಇವಳು ಒಪ್ಪಲಿಲ್ಲ, ಗೆರೆ ಪೂರ್ತಿ ತಿರುಗೋ ಮೊದಲೇ ಸ್ಕ್ರೂ ಬಿಗಿದುಬಿಟ್ಟೆನೇನೋ ಅಂತ ಅನುಮಾನ ಪಟ್ಟಳು. ಮಾರನೇ ದಿನ ಮತ್ತೆ ಮಾಡಿದಳಂತೆ. 37 ಅಲ್ಲ, 38 ಬಂತಂತೆ. ಆ ದಿನ ಬಸ್ಸಿನಲ್ಲಿ ಅವಳ ಮುಖ ನೋಡಬೇಕಿತ್ತು ನೀವು.

ಅವಳಪ್ಪ ಬಯಸೋದೂ ಕನಿಷ್ಠ ವಿಚಲನೆಯನ್ನೇ ಕಣ್ರೀ. ಮಗಳು ಎಷ್ಟು ಕಡಿಮೆ ತಿರುಗಿದರೆ ಅಷ್ಟು ಒಳ್ಳೇದು. ಆದರೆ ತಿರುಗಿಸಿ ನೋಡದೆ ಆ ಕೋನ ಸಿಗಲ್ಲ ಅನ್ನೋದು ಅವರ ಸಿಲೆಬಸ್‌ನಲ್ಲಿ ಇರಲಿಲ್ಲ.

ಪ್ರ: ನಿಮ್ಮ ದೃಷ್ಟಿಯಲ್ಲಿ ಬಿಡಲೇಬಾರದ ವಿಷಯ ಯಾವುದು?

ಉ: ಗಣಿತ. ಇದರಲ್ಲಿ ತಕರಾರಿಲ್ಲ. ಕೆಮಿಸ್ಟ್ರಿ ಬಿಟ್ಟರೆ ಕೆಮಿಸ್ಟ್ರಿ ಎಂ.ಎಸ್ಸಿ. ಹೋಗುತ್ತೆ, ಪೀಣ್ಯ ದೊಡ್ಡಬಳ್ಳಾಪುರದ ಔಷಧ ಕಂಪನಿಗಳ ಲ್ಯಾಬು ಹೋಗುತ್ತೆ, ಅಷ್ಟೇ. ಎಲೆಕ್ಟ್ರಾನಿಕ್ಸ್ ಬಿಟ್ಟರೆ ಆಮೇಲೆ ಕಲೀಬಹುದು. ಕಂಪ್ಯೂಟರ್ ಅಂತೂ ಫೋನಿನಲ್ಲೇ ಕಲೀತಾರೆ. ಎರಡೇ ವಿಷಯ ಸಾಕು ಅಂದ ಕಾಲದಲ್ಲಿ ‘ಮ್ಯಾಥ್ಸ್ ಕಷ್ಟ’ ಅಂತ ಕೈಬಿಟ್ಟವರು ಹೈಡ್ರೋಜನ್ ಪರಮಾಣು ಬಂದಾಗ ನಿಂತರು. ಶ್ರೋಡಿಂಗರ್ ಸಮೀಕರಣ ಬಿಡಿಸೋಕೆ ಪಾರ್ಶಿಯಲ್ ಡಿಫರೆನ್ಷಿಯಲ್ ಈಕ್ವೇಷನ್ ಬೇಕು, ಲೆಜೆಂಡ್ರ ಪಾಲಿನಾಮಿಯಲ್ ಬೇಕು. ಅಲ್ಲಿ ಯೂ-ಟರ್ನ್ ಇಲ್ಲ. ನನ್ನ ಮೇಲೆ ಕೂಡ ಒಂದು ಕಡೆ ತಪ್ಪಿದರೆ ಕೊಡಿಗೇಹಳ್ಳಿ ಗೇಟ್‌ವರೆಗೆ ಹೋಗಿ ಬರಬೇಕು, ಆದರೆ ಬರಬಹುದು.

ಪ್ರ: ಸುತ್ತ ಇಷ್ಟು ದೊಡ್ಡ ಸಂಸ್ಥೆಗಳಿವೆ. ಅದರಿಂದ ಈ ಮಕ್ಕಳಿಗೆ ಉಪಯೋಗ?

ಉ: ಎಣಿಸಿ ನೋಡಿ. ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಕಟ್ಟಿದ ಜವಾಹರಲಾಲ್ ನೆಹರೂ ಕೇಂದ್ರ, 1989ರದು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಒಳಗೆ ಜೀವವಿಜ್ಞಾನದ ಎನ್‌ಸಿಬಿಎಸ್. ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ ಸೈದ್ಧಾಂತಿಕ ವಿಜ್ಞಾನದ ಐಸಿಟಿಎಸ್, ಅಲ್ಲಿಗೆ ಕಪ್ಪುಕುಳಿಯ ಲೆಕ್ಕ ಮಾಡೋರು ಪ್ರಪಂಚದ ಮೂಲೆ ಮೂಲೆಯಿಂದ ಬರ್ತಾರೆ. ಭೌತಶಾಸ್ತ್ರ ಓದೋಕೆ ಇದಕ್ಕಿಂತ ಒಳ್ಳೇ ಏರಿಯಾ ದೇಶದಲ್ಲಿ ಕಮ್ಮಿ. ಆದರೆ ಬಸ್ಸಿನ ಮಕ್ಕಳಿಗೆ ಅವೆಲ್ಲ ಬರೀ ಕಾಂಪೌಂಡು. ಗೇಟಿನಲ್ಲಿ ಸೆಕ್ಯೂರಿಟಿ ನೋಡಿ ವಾಪಸ್ ಬರ್ತಾರೆ.

ಅಲ್ಲಿ ಕರೆಯೋದಿಲ್ಲ ಅಂತಲ್ಲ. ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಇದೆ, ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಕೆಲಸ. ಜಕ್ಕೂರಿನವರದೂ ಒಂದಿದೆ. ಟಾಟಾ ಇನ್‌ಸ್ಟಿಟ್ಯೂಟು ವರ್ಷಕ್ಕೊಮ್ಮೆ ಗೇಟು ತೆಗೆದಿಡುತ್ತೆ, ಓಪನ್ ಡೇ. ಹೈಗ್ರೌಂಡ್ಸಿನ ನೆಹರೂ ತಾರಾಲಯದಲ್ಲಿ ಬಿ.ಎಸ್ಸಿ. ಮಕ್ಕಳಿಗೇ ಅಂತ ವಾರಾಂತ್ಯದ ಭೌತಶಾಸ್ತ್ರ ತರಗತಿ ನಡೀತವೆ. ಇದನ್ನೆಲ್ಲ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಾಕಬೇಕಲ್ಲ? ಬೋರ್ಡಿನ ತುಂಬ ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ, ಪೋರ್ಟಲ್ ಡೌನ್ ಆಗಿದ್ದರಿಂದ ವಿಸ್ತರಿಸಿದ ಕೊನೆಯ ದಿನಾಂಕ, ದಂಡದೊಂದಿಗೆ ಕೊನೆಯ ದಿನಾಂಕ.

ಪ್ರ: ಆ ಹುಡುಗಿಗಾದರೂ ತಾರಾಲಯದ ವಿಷಯ ಹೇಳಬಹುದಿತ್ತಲ್ಲ ನೀವು?

ಉ: ಫ್ಲೈಓವರ್ ಮಾತಾಡೋದು ನಿಮ್ಮ ಪತ್ರಿಕೆಯವರಿಗೆ ಮಾತ್ರ ಕೇಳಿಸುತ್ತೆ. ಅವಳಿಗೆ ಹೇಳಿದ್ದು ಬಸ್ಸಿನ ಕಂಡಕ್ಟರು. ಅವರ ಮಗ ಅಲ್ಲಿಗೆ ಹೋಗ್ತಾನಂತೆ. ‘ಭಾನುವಾರ ಬಸ್ ಖಾಲಿ ಇರುತ್ತಮ್ಮ, ಹೋಗಿ ನೋಡು’ ಅಂದರು. ಆಯೋಗ, ಸಮಿತಿ, ಮಧ್ಯಂತರ ವರದಿ ಇಷ್ಟೆಲ್ಲ ಆದಮೇಲೆ ನಮ್ಮ ಉನ್ನತ ಶಿಕ್ಷಣದಲ್ಲಿ ಕೆಲಸ ಮಾಡಿದ ಕೌನ್ಸೆಲಿಂಗ್ ಅದೊಂದೇ.

ಪ್ರ: ಈ ವರ್ಷ ಸೇರುವವರಿಗೆ ಒಂದು ಕಿವಿಮಾತು?

ಉ: ಕಿವಿಮಾತು ಬೇಡ, ಒಂದು ಕೆಲಸ ಹೇಳ್ತೀನಿ. ಕೌಂಟರಿಗೆ ಹೋಗೋ ಮೊದಲು ಸ್ಟಾಫ್ ರೂಮಿಗೆ ಹೋಗಿ ಯಾವ ವಿಷಯಕ್ಕೆ ಎಷ್ಟು ಜನ ಮೇಷ್ಟ್ರಿದ್ದಾರೆ ಎಣಿಸಲಿ. ಲ್ಯಾಬಿನಲ್ಲಿ ಕೆಲಸ ಮಾಡೋ ಸ್ಪೆಕ್ಟ್ರೋಮೀಟರ್ ಎಷ್ಟು ಅಂತ ಕೇಳಲಿ. ಕಾಂಬಿನೇಷನ್ ಅಲ್ಲೇ ಗೊತ್ತಾಗುತ್ತೆ. ಅಂದ ಹಾಗೆ, ನೀವು ಓದಿದ್ದು?

ಪ್ರ: ಬಿ.ಎ., ಎಚ್‌ಇಪಿ. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ.

ಉ: ಯಾಕೆ ಅದನ್ನೇ ತಗೊಂಡ್ರಿ?

ಪ್ರ: ಲ್ಯಾಬ್ ಇರಲಿಲ್ಲ. ಒಂದು ಗಂಟೆಗೆ ಮನೆಗೆ ಹೋಗಬಹುದಿತ್ತು.

ಉ: ಇಷ್ಟು ಸ್ಪಷ್ಟವಾದ ಕಾರಣ ಇಟ್ಟುಕೊಂಡು ಕೋರ್ಸಿಗೆ ಸೇರಿದವರನ್ನ ಇದೇ ಮೊದಲ ಸಲ ನೋಡ್ತಿದ್ದೀನಿ. ಹೊರಡಿ, ಮುಂದಿನ ಬಸ್ಸು ಕದಲಿತು. ಎಡಕ್ಕೆ ಮಾತ್ರ ಹೋಗಬೇಡಿ, ಅಲ್ಲಿ ಪಿಎಂಸಿಎಸ್ ಕೇಳ್ತಾರೆ.